ಬಲ್ಲಾಳನ ಸಾವನ್ನೂ ಮಂಗಳೂರಿನ ಮುಸ್ಲಿಮರನ್ನೂ ದಾಖಲಿಸಿದ ಖಾಝಿ: ಇಬ್ನ್ ಬತೂತ

ಹೊಸೂರು, ಕೃಷ್ಣಗಿರಿ ಅಂದ ಕೂಡಲೇ ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಹೆದ್ದಾರಿ, ಕಾರ್ಖಾನೆಗಳು, ಮಾವಿನ ತೋಟ, ಹುಣಸೆ ಮರ ನೆನಪಾಗ್ತದೆ. ಅದೇ ಸೀಮೆಯಲ್ಲಿ ಕುಂದಾಣಿ ಅಂತ ಒಂದು ಊರುಂಟು. ಇವತ್ತು ಅದು ಹಳ್ಳಿ. 13ನೇ ಶತಮಾನದ ಕೊನೆಯಲ್ಲಿ ಅದು ಹೊಯ್ಸಳರ ಒಂದು ಕವಲಿನ ರಾಜಧಾನಿ. ಹೊಯ್ಸಳ ಸೋಮೇಶ್ವರನ ಮಗ ರಾಮನಾಥ, ಶ್ರೀರಂಗದ ಹತ್ತಿರದ ಕಣ್ಣಾನೂರನ್ನು ಪಾಂಡ್ಯರಿಗೆ ಕಳೆದುಕೊಂಡ ಮೇಲೆ ಇಲ್ಲಿಂದ ಆಳಿದ. ಅವನ ಮಗ ವಿಶ್ವನಾಥನ ನಂತರ, ದ್ವಾರಸಮುದ್ರದ ಮೂರನೇ ಬಲ್ಲಾಳ ಈ ಸೀಮೆಯನ್ನು ಮತ್ತೆ ತನ್ನ ರಾಜ್ಯಕ್ಕೆ ಸೇರಿಸಿಕೊಂಡ.

ಆ ಬಲ್ಲಾಳ ಕೊನೆಗೆ ಹೇಗೆ ಸತ್ತ? ಅದನ್ನು ವಿವರವಾಗಿ ಹೇಳುವುದು ಒಬ್ಬ ಮುಸ್ಲಿಂ ಖಾಝಿಯ ಪುಸ್ತಕ. ಖಾಝಿ ಮೊರೊಕ್ಕೋದವರು. ಅವರು ಹೇಳಿದ್ದನ್ನು ಕೂತು ಬರೆದವರು ಸ್ಪೇನಿನ ಗ್ರಾನಡಾದವರು. ಅದೇ ಪುಸ್ತಕದಲ್ಲಿ ಮಂಗಳೂರಿನ ಮುಸ್ಲಿಮರೂ ಇದ್ದಾರೆ, ಹೊನ್ನಾವರದ ಹೆಣ್ಣುಮಕ್ಕಳೂ ಇದ್ದಾರೆ. ಆ ಖಾಝಿಯೇ ಇಬ್ನ್ ಬತೂತ. ಬ್ಯಾರಿ ಮನೆಗಳಲ್ಲಿ ಹೆಸರು ಕೇಳದವರು ಕಡಿಮೆ. ಆದರೆ ಅವರ ಬದುಕು ಪೂರ್ತಿ ಗೊತ್ತಿರುವವರೂ ಕಡಿಮೆಯೇ.

ಒಬ್ಬನೇ ಹೊರಟ ಹುಡುಗ

1304ರ ಫೆಬ್ರವರಿಯಲ್ಲಿ ಮೊರೊಕ್ಕೋದ ಟ್ಯಾಂಜಿಯರ್ ಪಟ್ಟಣದಲ್ಲಿ ಅವರ ಜನನ. ಸಮುದ್ರದ ಆಚೆ ಬದಿಗೆ ನೋಡಿದರೆ ಸ್ಪೇನ್. ಅರಬರು ಅದನ್ನು ಅಂದಲೂಸ್ ಅಂತ ಕರೀತಿದ್ದರು. ಮನೆತನ ಬರ್ಬರ್ ಜನಾಂಗದ್ದು, ಮನೆಯಲ್ಲಿ ತಲೆತಲಾಂತರದಿಂದ ಖಾಝಿಗಳು. ಮಾಲಿಕಿ ಮದ್ಹಬ್‌ನ ಫಿಕ್ಹ್ ಕಲಿತ ಹುಡುಗ, 21ನೇ ವಯಸ್ಸಿನಲ್ಲಿ, 1325ರ ಜೂನ್‌ನಲ್ಲಿ ಹಜ್‌ಗೆ ಅಂತ ಮನೆ ಬಿಟ್ಟರು. ಜೊತೆಗೆ ಸಂಗಾತಿ ಇಲ್ಲ, ಕಾರವಾನ್ ಇಲ್ಲ. ಉಮ್ಮ, ಬಾಪ ಇಬ್ಬರೂ ಜೀವಂತ ಇದ್ದರು. ಅವರನ್ನು ಮತ್ತೆ ನೋಡಲಿಕ್ಕೆ ಆಗುವುದಿಲ್ಲ ಅಂತ ಆ ದಿನ ಗೊತ್ತಿರಲಿಲ್ಲ.

ಒಂದು ಹಜ್‌ಗೆ ಹೊರಟವರು ಮನೆಗೆ ಬಂದದ್ದು 24 ವರ್ಷ ಕಳೆದು. ಈಜಿಪ್ಟ್, ಸಿರಿಯಾ, ಮಕ್ಕಾ, ಇರಾಕ್, ಇರಾನ್, ಯಮನ್, ಪೂರ್ವ ಆಫ್ರಿಕಾದ ಮೊಗದಿಶು ಮತ್ತು ಕಿಲ್ವಾ, ತುರ್ಕಿ, ಕಾನ್ಸ್ಟಾಂಟಿನೋಪಲ್ ಎಲ್ಲ ಸುತ್ತಿ 1333ರಲ್ಲಿ ಸಿಂಧೂ ನದಿ ದಾಟಿದರು. ದಿಲ್ಲಿಯಲ್ಲಿ ಆಗ ಮುಹಮ್ಮದ್ ಬಿನ್ ತುಘ್ಲಕ್‌ನ ಆಳ್ವಿಕೆ. ಹೊರಗಿನಿಂದ ಬಂದ ವಿದ್ವಾಂಸರಿಗೆ ಅಲ್ಲಿ ಭಾರೀ ಮರ್ಯಾದೆ. ಇಬ್ನ್ ಬತೂತರಿಗೆ ದಿಲ್ಲಿಯ ಖಾಝಿ ಹುದ್ದೆ ಸಿಕ್ಕಿತು, ವರ್ಷಕ್ಕೆ 12,000 ದೀನಾರ್ ಸಂಬಳ.

ಸಂಬಳ ದೊಡ್ಡದು, ಖರ್ಚು ಅದಕ್ಕಿಂತ ದೊಡ್ಡದು. ಸಾಲ 55,000 ದೀನಾರ್‌ಗೆ ಏರಿತು. ತೀರಿಸಲಿಕ್ಕೆ ಸುಲ್ತಾನನಿಗೇ ಕೈ ಚಾಚಬೇಕಾಯ್ತು. ಅದಕ್ಕಿಂತ ದೊಡ್ಡ ಅಪಾಯ ಬೇರೆ ಕಡೆಯಿಂದ ಬಂತು. ಸುಲ್ತಾನನ ಸಿಟ್ಟಿಗೆ ಗುರಿಯಾದ ಶೇಖ್ ಶಿಹಾಬುದ್ದೀನ್ ಅನ್ನುವ ಸೂಫಿಯನ್ನು ಇವರು ಹಿಂದೆ ಭೇಟಿ ಮಾಡಿದ್ದರು. ಶೇಖ್‌ರ ತಲೆ ಹೋಯ್ತು, ಭೇಟಿ ಮಾಡಿದವರ ಮೇಲೆ ಕಾವಲು ಬಿತ್ತು. ಉಪವಾಸ ಹಿಡಿದು, ಕುರ್‌ಆನ್ ಓದುತ್ತಾ ದಿನ ನೂಕಿದ ಇಬ್ನ್ ಬತೂತ ಹೇಗೋ ಬದುಕಿಕೊಂಡರು. ಇದ್ದದ್ದನ್ನೆಲ್ಲ ಹಂಚಿ ಫಕೀರರ ಬಟ್ಟೆ ತೊಟ್ಟರು. ಕೆಲವು ತಿಂಗಳ ನಂತರ ಸುಲ್ತಾನ ಮತ್ತೆ ಕರೆಸಿಕೊಂಡು, ಚೀನಾದ ಚಕ್ರವರ್ತಿಯ ಹತ್ತಿರ ರಾಯಭಾರಿಯಾಗಿ ಹೋಗು ಅಂತ ಹೇಳಿದ. ಆ ದಾರಿಯೇ ಅವರನ್ನು ನಮ್ಮ ಕರಾವಳಿಗೆ ತಂದದ್ದು.

ಹೊನ್ನಾವರದ ಶಾಲೆ, ಮಂಗಳೂರಿನ ಖಾಝಿ

1342ರ ಆಸುಪಾಸಿನಲ್ಲಿ ಅವರ ಹಡಗು ಗೋವಾ ದಾಟಿ ಹೊನ್ನಾವರಕ್ಕೆ ಬಂತು. ಅಲ್ಲಿಯ ಮುಸ್ಲಿಮರು ಶಾಫಿಈ ಮದ್ಹಬ್‌ನವರು, ಸಮುದ್ರವನ್ನೇ ನಂಬಿದವರು. ಆ ಊರಿನಲ್ಲಿ ಗಂಡುಮಕ್ಕಳಿಗೆ 23 ಶಾಲೆ, ಹೆಣ್ಣುಮಕ್ಕಳಿಗೆ 13 ಶಾಲೆ ಕಂಡದ್ದನ್ನು ಅವರು ಲೆಕ್ಕ ಹಾಕಿ ಬರೆಸಿದ್ದಾರೆ. ಅಲ್ಲಿಯ ಹೆಂಗಸರಿಗೆ ಕುರ್‌ಆನ್ ಬಾಯಿಪಾಠ ಅನ್ನುವುದನ್ನೂ ಸೇರಿಸಿದ್ದಾರೆ. ಅಷ್ಟೊಂದು ದೇಶ ಸುತ್ತಿದವರಿಗೂ ಇದನ್ನು ಬೇರೆಲ್ಲೂ ನೋಡಿದ ನೆನಪಿರಲಿಲ್ಲ. ಹೆಣ್ಣುಮಕ್ಕಳ ಓದು ಈಚೆಗೆ ಬಂದ ಸಂಗತಿ ಅಂತ ಮಾತಾಡುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಇದು ಸುಮಾರು 680 ವರ್ಷ ಹಿಂದಿನದು.

ಬಾರ್ಕೂರಿನಲ್ಲಿ ಕಬ್ಬಿನ ಬೆಳೆ ಕಂಡರು. ಮುಂದೆ ಮಂಗಳೂರು. ಅವರ ಬಾಯಲ್ಲಿ ಅದು ಮಂಜರೂರ್. ಫಾರಸ್ ಮತ್ತು ಯಮನ್‌ನ ವ್ಯಾಪಾರಿಗಳು ಹೆಚ್ಚಾಗಿ ಇಳಿಯುತ್ತಿದ್ದ ಬಂದರು. ಕಾಳುಮೆಣಸು, ಶುಂಠಿ ರಾಶಿ ರಾಶಿ. ಊರಿನ ಪಕ್ಕದ ಕೇರಿಯಲ್ಲಿ ಸುಮಾರು 4,000 ಮುಸ್ಲಿಮರು. ಅವರಿಗೂ ಊರಿನವರಿಗೂ ಆಗಾಗ ಜಗಳ ಆಗುತ್ತಿದ್ದದ್ದನ್ನು ಅವರು ಮುಚ್ಚಿಡಲಿಲ್ಲ. ಜಗಳ ಹತ್ತಿದಾಗೆಲ್ಲ ಅಲ್ಲಿಯ ಅರಸ ರಾಮದೇವ ನಡುವೆ ಬಂದು ರಾಜಿ ಮಾಡಿಸ್ತಿದ್ದ, ಯಾಕಂದ್ರೆ ಅವನಿಗೆ ವ್ಯಾಪಾರಿಗಳು ಬೇಕಿತ್ತು. ಒಬ್ಬರಿಲ್ಲದೆ ಇನ್ನೊಬ್ಬರ ಹೊಟ್ಟೆ ತುಂಬದ ಊರದು.

ಅಲ್ಲಿಯ ಖಾಝಿ ಬದ್ರುದ್ದೀನ್, ಮಅಬರಿನವರು. ಮಅಬರ್ ಅಂದ್ರೆ ಇಂದಿನ ತಮಿಳುನಾಡಿನ ಕರಾವಳಿ. ಶಾಫಿಈ ವಿದ್ವಾಂಸ, ಮಕ್ಕಳಿಗೆ ಪಾಠ ಹೇಳಿಕೊಡ್ತಿದ್ದವರು. ಮಂಗಳೂರಿಗೂ ತಮಿಳು ನೆಲಕ್ಕೂ ಉಸ್ತಾದರ ಓಡಾಟ ಆ ಕಾಲಕ್ಕೇ ಇತ್ತು ಅನ್ನೋದಕ್ಕೆ ಇದೇ ಸಾಕ್ಷಿ. ಖಾಝಿಯೇ ಹಡಗಿಗೆ ಬಂದು, ಇಳಿದು ಬರಬೇಕು ಅಂತ ಕೇಳಿಕೊಂಡರು. ಅರಸನ ಮಗ ಹಡಗಿನಲ್ಲಿ ಒತ್ತೆಯಾಗಿ ಕೂತರೆ ಮಾತ್ರ ಇಳಿಯುತ್ತೇವೆ ಅಂತ ಇವರು ಹಟ ಹಿಡಿದರು. ಅರಸ ಮಗನನ್ನು ಕಳಿಸಿಯೇ ಬಿಟ್ಟ. ಆಮೇಲೆ ಮೂರು ದಿನ ಮಂಗಳೂರಿನ ಸತ್ಕಾರ.

ಕಲ್ಲಿಕೋಟೆಯಲ್ಲಿ ಮುಳುಗಿದ್ದು

ಕಲ್ಲಿಕೋಟೆಯಲ್ಲಿ ಚೀನಾದ ದೊಡ್ಡ ಹಡಗುಗಳಿಗಾಗಿ ಮೂರು ತಿಂಗಳು ಕಾದರು. ಹೊರಡುವ ದಿನ ಬಂತು. ಜುಮುಆ ನಮಾಝ್‌ಗೆ ಅಂತ ಇಬ್ನ್ ಬತೂತ ದಡದಲ್ಲೇ ಉಳಿದರು. ಆ ರಾತ್ರಿ ಬಿರುಗಾಳಿ ಎದ್ದು ಚಕ್ರವರ್ತಿಗೆ ಕಳಿಸಿದ್ದ ಉಡುಗೊರೆಗಳಿದ್ದ ಹಡಗು ದಡಕ್ಕೆ ಬಡಿದು ಚೂರಾಯ್ತು. ಜನ ಸತ್ತರು. ಇವರ ಸಾಮಾನು, ಪರಿವಾರ ಇದ್ದ ಇನ್ನೊಂದು ಹಡಗು ಹೆದರಿ ಸಮುದ್ರಕ್ಕೆ ಓಡಿತು. ಉಳಿದದ್ದು ಹಾಸಿಕೊಳ್ಳುವ ಚಾಪೆ, ಹತ್ತು ದೀನಾರ್. ನಮಾಝ್‌ಗೆ ಉಳಿದದ್ದರಿಂದ ಜೀವ ಉಳಿಯಿತು, ಬೇರೆಲ್ಲ ಹೋಯ್ತು.

ಬರಿಗೈಯಲ್ಲಿ ದಿಲ್ಲಿಗೆ ಹೋದರೆ ಸುಲ್ತಾನ ತಲೆ ಉಳಿಸ್ತಾನೆ ಅನ್ನೋ ನಂಬಿಕೆ ಇರಲಿಲ್ಲ. ಹೊನ್ನಾವರಕ್ಕೆ ಹೋದರು, ಅಲ್ಲಿಯ ಸುಲ್ತಾನ ಜಮಾಲುದ್ದೀನ್‌ನ ಜೊತೆ ಗೋವಾದ ಮೇಲಿನ ದಂಡಿನಲ್ಲೂ ಸೇರಿದರು. ಮಾಲ್ದೀವ್ಸ್‌ಗೆ ಹೋಗಿ ಖಾಝಿಯಾದರು, ಮದುವೆಗಳನ್ನು ಮಾಡಿಕೊಂಡರು, ಅಲ್ಲಿಯ ದೊಡ್ಡವರ ಜೊತೆ ಕೆಡಿಸಿಕೊಂಡರು. ಸಿಲೋನ್‌ನಲ್ಲಿ ಆದಂ ಶಿಖರ ಹತ್ತಿ ಇಳಿದು, ಒಡೆದ ಹಡಗಿನಿಂದ ಬಚಾವಾಗಿ ತಮಿಳು ಕರಾವಳಿಗೆ ಬಂದು ಬಿದ್ದರು.

ಮಧುರೈಯ ಗೋಡೆ

ಮಧುರೈಯಲ್ಲಿ ಆಗ ಸುಲ್ತಾನ ಘಿಯಾಸುದ್ದೀನ್. ಅವನ ಹೆಂಡತಿ ಮತ್ತು ದಿಲ್ಲಿಯಲ್ಲಿ ಇಬ್ನ್ ಬತೂತ ಮದುವೆಯಾಗಿದ್ದ ಹೆಂಗಸು ಅಕ್ಕ-ತಂಗಿಯರು. ಅಂದ್ರೆ ಸುಲ್ತಾನ ಹತ್ತಿರದ ನೆಂಟ. ಆದರ, ಊಟ, ಉಡುಗೊರೆ ಯಾವುದಕ್ಕೂ ಕಮ್ಮಿ ಇರಲಿಲ್ಲ.

ಅಲ್ಲಿಯೇ ಅವರಿಗೆ ಮೂರನೇ ಬಲ್ಲಾಳನ ಕತೆ ಸಿಕ್ಕಿದ್ದು. ಎಂಬತ್ತು ದಾಟಿದ ಆ ಹೊಯ್ಸಳ ಅರಸ ಕಣ್ಣಾನೂರು ಕೊಪ್ಪದ ಕೋಟೆಗೆ ಮುತ್ತಿಗೆ ಹಾಕಿದ್ದ. ಅವನ ಸೈನ್ಯ ಸುಮಾರು ಒಂದು ಲಕ್ಷ, ಅದರ ಜೊತೆ 20,000ದಷ್ಟು ಮುಸ್ಲಿಂ ಸಿಪಾಯಿಗಳೂ ಇದ್ದರು ಅಂತ ಇಬ್ನ್ ಬತೂತ ಹೇಳ್ತಾರೆ. ಆ ಸಿಪಾಯಿಗಳ ಬಗ್ಗೆ ಅವರಿಗೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ ಅನ್ನುವುದು ಬೇರೆ ಮಾತು. ಆದರೆ ಒಂದು ಕಡೆ ಒಂದೇ ಧರ್ಮ, ಇನ್ನೊಂದು ಕಡೆ ಇನ್ನೊಂದೇ ಧರ್ಮ ಇದ್ದ ಯುದ್ಧ ಅದಲ್ಲ ಅನ್ನುವುದು ಅವರದೇ ಲೆಕ್ಕದಿಂದ ಗೊತ್ತಾಗ್ತದೆ. ಮಧ್ಯಾಹ್ನ ಎಲ್ಲರೂ ಮಲಗಿದ್ದ ಹೊತ್ತಿಗೆ ಘಿಯಾಸುದ್ದೀನ್ ಸಣ್ಣ ಸೈನ್ಯದ ಜೊತೆ ಮೇಲೆ ಬಿದ್ದ. ಬಲ್ಲಾಳ ಸಿಕ್ಕಿಬಿದ್ದ. ಬಿಡುತ್ತೇನೆ ಅಂತ ಮಾತು ಕೊಟ್ಟು ಅವನ ಸಂಪತ್ತು, ಆನೆ, ಕುದುರೆ ಎಲ್ಲ ತೆಗೆದುಕೊಂಡರು. ಆಮೇಲೆ ಕೊಂದು, ಚರ್ಮ ಸುಲಿದು, ಅದರಲ್ಲಿ ಹುಲ್ಲು ತುಂಬಿ ಮಧುರೈಯ ಗೋಡೆಗೆ ನೇತುಹಾಕಿದರು. ಇತಿಹಾಸಕಾರರು ಈ ಸಾವನ್ನು 1342ರ ಸುಮಾರಿಗೆ ಇಡುತ್ತಾರೆ. ನೇತಾಡುತ್ತಿದ್ದದ್ದನ್ನು ಇಬ್ನ್ ಬತೂತ ಕಣ್ಣಾರೆ ಕಂಡರು.

ಅದಕ್ಕಿಂತಲೂ ಅವರನ್ನು ಅಲುಗಾಡಿಸಿದ್ದು ಸೆರೆ ಸಿಕ್ಕ ಸಾಮಾನ್ಯ ಜನರ ಪಾಡು. ಗಂಡಸರನ್ನು ಶೂಲಕ್ಕೆ ಹಾಕ್ತಿದ್ದರು. ಹೆಂಗಸರನ್ನು, ಮಕ್ಕಳನ್ನೂ ಬಿಡ್ತಿರಲಿಲ್ಲ. ಸುಲ್ತಾನನ ಊಟದ ಪಂಕ್ತಿಯಲ್ಲಿ ಕೂತಿದ್ದಾಗಲೇ ಒಬ್ಬ ಕೈದಿಯನ್ನು, ಅವನ ಹೆಂಡತಿಯನ್ನು, ಏಳು ವರ್ಷದ ಮಗನನ್ನು ಕೊಲ್ಲುವ ಅಪ್ಪಣೆಯಾಯ್ತು. ಇಬ್ನ್ ಬತೂತ ಮುಖ ತಿರುಗಿಸಿದರು. ಇಂಥ ನೀಚ ಕೆಲಸ ಬೇರೆ ಯಾವ ದೊರೆಯೂ ಮಾಡಿದ್ದನ್ನು ತಾನು ಕಂಡಿಲ್ಲ, ಇದಕ್ಕಾಗಿಯೇ ಅಲ್ಲಾಹನು ಅವನಿಗೆ ಬೇಗ ಸಾವು ಕೊಟ್ಟ ಅನ್ನುವ ಅರ್ಥದಲ್ಲಿ ಮುಂದೆ ಬರೆಸಿದರು. ಸುಲ್ತಾನ ಮುಸ್ಲಿಮನೇ, ನೆಂಟನೇ, ಅನ್ನ ಹಾಕಿದವನೇ. ಆದರೂ ಅನ್ಯಾಯಕ್ಕೆ ಅನ್ಯಾಯ ಅಂತಲೇ ಹೆಸರಿಟ್ಟರು.

ಹಾಗಂತ ಅವರನ್ನು ಔಲಿಯಾ ಮಾಡಿ ಕೂರಿಸಬೇಕಾಗಿಲ್ಲ. ಆ ಹೊತ್ತಿಗೆ ಎದುರು ನಿಂತು ಮಾತಾಡುವ ಧೈರ್ಯ ಅವರಿಗೆ ಬರಲಿಲ್ಲ. ಮಾಲ್ದೀವ್ಸ್ ಮೇಲೆ ದಂಡೆತ್ತುವ ಯೋಜನೆಯಲ್ಲಿ ಇದೇ ಸುಲ್ತಾನನ ಜೊತೆ ಕೈ ಸೇರಿಸಿದ್ದರು. ಊರೂರಿನಲ್ಲಿ ಮದುವೆಯಾಗಿ, ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು ಹೋದವರು. ಗುಲಾಮರನ್ನು ಇಟ್ಟುಕೊಂಡವರು. ಇದೆಲ್ಲ ಗೊತ್ತಾದದ್ದೂ ಅವರೇ ಹೇಳಿದ್ದರಿಂದ.

ಅಷ್ಟರಲ್ಲಿ ಮಧುರೈಗೆ ಸಾಂಕ್ರಾಮಿಕ ರೋಗ ಬಡಿಯಿತು. ಸುಲ್ತಾನನೂ ತೀರಿಕೊಂಡ. ಇಬ್ನ್ ಬತೂತರಿಗೂ ಸಾಯುವಷ್ಟು ಜ್ವರ. ಆ ನೆಲದಲ್ಲಿ ಧಾರಾಳವಾಗಿ ಸಿಗುವ ಹುಣಸೆಹಣ್ಣನ್ನು ನೀರಿನಲ್ಲಿ ಕಿವುಚಿ ಕುಡಿದರು. ಮೂರು ದಿನ ಹೊಟ್ಟೆ ಕಿತ್ತುಕೊಂಡು ಹೋಯ್ತು, ಜ್ವರವೂ ಬಿಟ್ಟಿತು. ಊರು ಬಿಟ್ಟರೆ ಸಾಕು ಅಂತ ಹೊರಟರು.

ಹೊನ್ನಾವರಕ್ಕೂ ಬಾರ್ಕೂರಿಗೂ ನಡುವಿನ ಒಂದು ಪುಟ್ಟ ದ್ವೀಪದ ಹತ್ತಿರ ಕಡಲ್ಗಳ್ಳರು ಮುತ್ತಿದರು. ಮುತ್ತು, ರತ್ನ, ಬಟ್ಟೆ ಎಲ್ಲ ಹೋಯ್ತು; ಮೈಮೇಲೆ ಉಳಿದದ್ದು ಪಾಯಿಜಾಮ ಒಂದೇ. ಬುಖಾರಾದ ಗೋರಿಗಳ ಬರಹಗಳನ್ನು ನಕಲು ಮಾಡಿಕೊಂಡಿದ್ದ ಕಾಗದಗಳೂ ಹೀಗೆ ಕಡಲಲ್ಲಿ ಲೂಟಿಯಾದಾಗಲೇ ಕಳೆದದ್ದು. ಕಲ್ಲಿಕೋಟೆಯ ಮಸೀದಿಗೆ ಹೋಗಿ ಸೇರಿದಾಗ ಒಬ್ಬ ವಿದ್ವಾಂಸರು ಅಂಗಿ ಕಳಿಸಿದರು, ಖಾಝಿ ಮುಂಡಾಸು ಕಳಿಸಿದರು, ಒಬ್ಬ ವ್ಯಾಪಾರಿ ಇನ್ನೊಂದು ಬಟ್ಟೆ ಕೊಟ್ಟರು. ಗುರುತಿಲ್ಲದ ಊರಿನಲ್ಲಿ ಜಮಾಅತ್ ಅಂದ್ರೆ ಏನು ಅನ್ನೋದು ಅಲ್ಲಿ ಗೊತ್ತಾಗ್ತದೆ.

ಗ್ರಾನಡಾದ ತೋಟ

ಬಂಗಾಳ, ಸುಮಾತ್ರಾ, ಚೀನಾ ನೋಡಿ 1348ರಲ್ಲಿ ಸಿರಿಯಾಕ್ಕೆ ಬಂದರೆ ಅಲ್ಲಿ ಪ್ಲೇಗ್. ಬಾಪ ತೀರಿಕೊಂಡು 15 ವರ್ಷ ಆಯ್ತು ಅನ್ನುವ ಸುದ್ದಿ ಡಮಾಸ್ಕಸ್‌ನಲ್ಲಿ ಕಿವಿಗೆ ಬಿತ್ತು. 1349ರಲ್ಲಿ ಮೊರೊಕ್ಕೋ ಮುಟ್ಟುವಷ್ಟರಲ್ಲಿ ಉಮ್ಮನೂ ಪ್ಲೇಗ್‌ನಲ್ಲಿ ಹೋಗಿದ್ದರು. ಟ್ಯಾಂಜಿಯರ್‌ನಲ್ಲಿ ಅವರು ನೋಡಿದ್ದು ಉಮ್ಮನ ಕಬರ್ ಮಾತ್ರ.

ಅಲ್ಲಿಂದ ಸಮುದ್ರ ದಾಟಿ ಅಂದಲೂಸ್‌ಗೆ ಹೋದರು. ಜಿಬ್ರಾಲ್ಟರ್‌ಗೆ ಮುತ್ತಿಗೆ ಹಾಕಿದ್ದ ಕ್ಯಾಸ್ಟಿಲ್ ದೊರೆ ಹನ್ನೊಂದನೇ ಅಲ್ಫೊನ್ಸೊ 1350ರಲ್ಲಿ ಪ್ಲೇಗ್‌ನಿಂದ ಸತ್ತಿದ್ದ. ರೊಂಡಾ, ಮಾರ್ಬೆಲಾ, ಮಲಾಗಾ ದಾಟಿದರು. ಮಲಾಗಾದ ಅಂಜೂರ, ಬಾದಾಮಿ, ಬಂಗಾರದ ಹೊಳಪಿನ ಮಣ್ಣಿನ ಪಾತ್ರೆ ನೋಡಿ ಮೆಚ್ಚಿದರು. ಅಲ್ಲಿಯ ಖಾಝಿ ಜಾಮಿಅ ಮಸೀದಿಯಲ್ಲಿ ಕೂತು ಸೆರೆಸಿಕ್ಕವರನ್ನು ಬಿಡಿಸಲಿಕ್ಕೆ ಚಂದಾ ಎತ್ತುತ್ತಿದ್ದರು.

ಗ್ರಾನಡಾದಲ್ಲಿ ಸುಲ್ತಾನ ಯೂಸುಫ್ ಕಾಯಿಲೆಯಲ್ಲಿದ್ದ, ಭೇಟಿ ಆಗಲಿಲ್ಲ. ಸುಲ್ತಾನನ ತಾಯಿ ಚಿನ್ನದ ದೀನಾರ್ ಕಳಿಸಿದರು. ಆ ಊರಿನಲ್ಲಿ ನೆಲೆಸಿದ್ದ ಪರದೇಶದ ಫಕೀರರ ಪೈಕಿ ಸಮರ್ಕಂದ್, ತಬ್ರೀಝ್, ಕೊನ್ಯಾದವರ ಜೊತೆ ಹಿಂದೂಸ್ತಾನದ ಇಬ್ಬರು ಹಾಜಿಗಳೂ ಇದ್ದರು: ಅಲಿ ಮತ್ತು ರಶೀದ್. ಸ್ಪೇನಿನ ನೆಲದಲ್ಲಿ 1350ರ ಹೊತ್ತಿಗೇ ನಮ್ಮ ದೇಶದವರು!

ಒಂದು ತೋಟದಲ್ಲಿ ಎರಡು ದಿನ ಕೂತು ಇಬ್ನ್ ಬತೂತ ತನ್ನ ಪಯಣದ ಕತೆ ಹೇಳಿದರು. ಕೇಳಲು ಕೂತವರಲ್ಲಿ ಇಬ್ನ್ ಜುಝೈ ಎಂಬ ಯುವಕ ಇದ್ದರು, ವಯಸ್ಸು ಮೂವತ್ತರ ಒಳಗೆ. ಕಥೆಯಲ್ಲಿ ಬಂದ ಹೆಸರುಗಳನ್ನು ಅವರು ಅಲ್ಲೇ ಗುರುತು ಹಾಕಿಕೊಂಡರು. ಮುಂದೆ ಇಬ್ನ್ ಜುಝೈ ಗ್ರಾನಡಾ ಬಿಟ್ಟು ಮೊರೊಕ್ಕೋದ ಫೆಝ್‌ಗೆ ಬಂದರು. ಇಬ್ನ್ ಬತೂತ ಮಾಲಿ ದೇಶವನ್ನೂ ನೋಡಿ ಬಂದ ಮೇಲೆ, ಸುಲ್ತಾನ ಅಬೂ ಇನಾನ್‌ನ ಅಪ್ಪಣೆಯಂತೆ ಇಬ್ಬರೂ ಕೂತರು. ಒಬ್ಬರು ಹೇಳಿದರು, ಒಬ್ಬರು ಬರೆದರು. 1355ರ ಡಿಸೆಂಬರ್‌ನಲ್ಲಿ ಹೇಳುವುದು ಮುಗಿಯಿತು. ನೆನಪು ಕೈಕೊಟ್ಟ ಕಡೆ, ಮಕ್ಕಾ ಮತ್ತು ಡಮಾಸ್ಕಸ್‌ನ ವರ್ಣನೆಯಲ್ಲಿ, ಅಂದಲೂಸ್‌ನ ಇನ್ನೊಬ್ಬ ಪಯಣಿಗ ಇಬ್ನ್ ಜುಬೈರ್‌ರ ಬರಹದಿಂದ ತೆಗೆದುಕೊಂಡದ್ದೂ ಉಂಟು. ಪುಸ್ತಕ ಮುಗಿದ ಸ್ವಲ್ಪ ಸಮಯದಲ್ಲೇ ಇಬ್ನ್ ಜುಝೈ ತೀರಿಕೊಂಡರು. ಸ್ವಲ್ಪ ತಡವಾಗಿದ್ದರೆ ಹೊನ್ನಾವರದ 13 ಶಾಲೆಯೂ ಇಲ್ಲ, ಮಂಗಳೂರಿನ ಖಾಝಿ ಬದ್ರುದ್ದೀನರೂ ಇಲ್ಲ. ಇಬ್ನ್ ಬತೂತ ಮೊರೊಕ್ಕೋದಲ್ಲೇ ಒಂದು ಊರಿನ ಖಾಝಿಯಾಗಿ 1368-69ರ ಸುಮಾರಿಗೆ ಕಣ್ಣು ಮುಚ್ಚಿದರು.

ಉಳಿದದ್ದು, ಅಳಿದದ್ದು

ಅವರು ಕಂಡ ಗ್ರಾನಡಾ 1492ರ ಜನವರಿ 2ರಂದು ಶರಣಾಯ್ತು. ಅದೇ ವರ್ಷ ಸ್ಪೇನಿನ ಹಡಗುಗಳು ಅಮೆರಿಕ ಮುಟ್ಟಿದವು. 1567ರಲ್ಲಿ ಅರಬಿ ಭಾಷೆ ಮಾತಾಡುವುದು, ಬರೆಯುವುದು, ಹಳೆಯ ಉಡುಗೆ ಉಡುವುದು ಎಲ್ಲಕ್ಕೂ ನಿಷೇಧ. 1609ರಿಂದ 1614ರ ನಡುವೆ ಸುಮಾರು ಮೂರು ಲಕ್ಷ ಜನರನ್ನು ದೇಶದಿಂದಲೇ ಹೊರಗೆ ಹಾಕಿದರು. ಅವರಲ್ಲಿ ಬಹಳ ಮಂದಿ ಆಗಲೇ ಮನೆಯಲ್ಲಿ ಸ್ಪ್ಯಾನಿಷ್ ಆಡುತ್ತಿದ್ದವರು. ಸ್ಪ್ಯಾನಿಷ್ ಮಾತನ್ನು ಅರಬಿ ಲಿಪಿಯಲ್ಲಿ ಗುಟ್ಟಾಗಿ ಬರೆದಿಟ್ಟುಕೊಳ್ತಿದ್ದರು. ಅರಬಿ-ಮಲಯಾಳಂ ಕಿತಾಬು ಓದಿದ ಕರಾವಳಿಯ ಹಿರಿಯರಿಗೆ ಇದು ಕೂಡಲೇ ಅರ್ಥ ಆಗ್ತದೆ. ಅಂಥ ಹಸ್ತಪ್ರತಿಗಳ ಒಂದು ದೊಡ್ಡ ರಾಶಿ 1884ರಲ್ಲಿ ಅಲ್ಮೊನಾಸಿದ್ ಎಂಬ ಊರಿನ ಹಳೆಯ ಮನೆಯೊಂದನ್ನು ಕೆಡವುವಾಗ ಸಿಕ್ಕಿತು. ಬಚ್ಚಿಟ್ಟವರು ಹೋಗಿ ಎರಡೂವರೆ ಶತಮಾನ ದಾಟಿತ್ತು.

ಜನರನ್ನು ಓಡಿಸಿದರೂ ಮಾತು ಉಳಿಯಿತು. ಸಕ್ಕರೆ, ಅಕ್ಕಿ, ಎಣ್ಣೆಗೆ ಸ್ಪ್ಯಾನಿಷ್‌ನಲ್ಲಿರುವ ಹೆಸರುಗಳು ಅರಬಿಯಿಂದ ಬಂದವು. ಹಾಗಾಗಲಿ ಅಂತ ಆಶಿಸುವಾಗ ಅವರು ಹೇಳುವ ಓಹಲಾ ಎಂಬ ಮಾತಿನೊಳಗೆ ಅಲ್ಲಾಹನ ಹೆಸರೇ ಇದೆ. ಆ ಭಾಷೆ ಹಡಗು ಹತ್ತಿ ಮೆಕ್ಸಿಕೋದಿಂದ ಅರ್ಜೆಂಟೀನಾದವರೆಗೆ ಹರಡಿತು. ಮೆಕ್ಸಿಕೋದಲ್ಲಿ ಹುಣಸೆಹಣ್ಣಿನ ಪಾನಕಕ್ಕೆ ಬಳಸುವ ತಮರಿಂದೋ ಎಂಬ ಹೆಸರೂ ಅರಬಿಯ ತಮರ್ ಹಿಂದಿಯೇ. ಅರ್ಥ, ಹಿಂದೂಸ್ತಾನದ ಖರ್ಜೂರ. ಮಧುರೈಯಲ್ಲಿ ಇಬ್ನ್ ಬತೂತರ ಜೀವ ಉಳಿಸಿದ, ಕೃಷ್ಣಗಿರಿಯಲ್ಲಿ ಇಂದಿಗೂ ಬೆಳೆಯುವ ಅದೇ ಹುಣಸೆ.

ಅಮೆರಿಕದಲ್ಲಿ ಪ್ರತಿವರ್ಷ ಸೆಪ್ಟೆಂಬರ್ 15ರಿಂದ ಅಕ್ಟೋಬರ್ 15ರವರೆಗೆ ಸ್ಪ್ಯಾನಿಷ್ ಮೂಲದವರ ಪರಂಪರೆಯ ತಿಂಗಳು ನಡೀತದೆ. 1968ರಲ್ಲಿ ಒಂದು ವಾರ ಇದ್ದದ್ದು 1988ರಲ್ಲಿ ತಿಂಗಳಾಯ್ತು. ಬೇರೆ ಭಾಷೆ ದೊಡ್ಡದಾಗಿರುವ ದೇಶದಲ್ಲಿ ತಮ್ಮ ಮಾತು, ಅಡುಗೆ, ಹಾಡು, ಹಿರಿಯರ ದುಡಿಮೆ ಮರೆತುಹೋಗಬಾರದು ಅಂತ ಮಾಡಿಕೊಂಡ ಏರ್ಪಾಡು ಅದು. ಅದೇ ಅವಧಿಯಲ್ಲಿ, ಅಕ್ಟೋಬರ್ 3ರಂದು, ಇಲ್ಲಿ ಬ್ಯಾರಿ ಭಾಷಾ ದಿನ. ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡಮಿ 2007ರಲ್ಲಿ ಶುರುವಾದದ್ದರ ನೆನಪಿಗೆ.

ಇಬ್ನ್ ಬತೂತ ಮಂಗಳೂರಿನಲ್ಲಿದ್ದದ್ದು ಮೂರೇ ದಿನ. ಆ ಮೂರು ದಿನ ಉಳಿದದ್ದು ಅವರು ನೆನಪಿಟ್ಟು ಹೇಳಿದ್ದರಿಂದ, ಗ್ರಾನಡಾದ ಒಬ್ಬ ಯುವಕ ಕೂತು ಕೇಳಿ ಬರೆದದ್ದರಿಂದ. ಬ್ಯಾರಿ ಮನೆಗಳಲ್ಲಿ ಈಗಲೂ ಕತೆ ಹೇಳುವ ಹಿರಿಯರಿದ್ದಾರೆ. ಕಡಲಿಗೆ ಹೋದವರು, ಬೀಡಿ ಕಟ್ಟಿದವರು, ಬೆಂಗಳೂರು-ಹೊಸೂರು ಕಡೆ ದುಡಿಮೆಗೆ ಹೊರಟವರು, ಗಲ್ಫ್‌ನಿಂದ ಮನೆಗೆ ಕಾಗದ ಬರೆದವರು. ಅವರೆಲ್ಲರ ಬಾಯಲ್ಲೂ ಒಂದೊಂದು ಪುಸ್ತಕ ಉಂಟು. ಎದುರಿಗೆ ಕೂತು ಬರೆದುಕೊಳ್ಳುವ ಹುಡುಗ ಹುಡುಗಿಯರು ಬೇಕು, ಅವರು ಇರುವಾಗಲೇ.